ಐದಾರು ವರ್ಷ ಶೆಡ್‌ನಲ್ಲಿ ನಿಂತ ಸೆಸ್ನಾ 152: ಕಾಲೇಜ್ ಫೆಸ್ಟ್‌ಗೆ ಎಂಜಿನ್ ಸ್ಟಾರ್ಟ್ ಮಾಡಬಹುದಾ?

ಲ್ಯಾಬ್ ಕೀ, ಮಂಗಳೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರು ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಏರೋನಾಟಿಕಲ್ ಲ್ಯಾಬ್ ನೋಡಿಕೊಳ್ಳುವವನು. ಕಾಲೇಜಿನ ಹೆಸರು ಬೇಡ, ಕೆಲಸ ಉಳಿಯಬೇಕಲ್ವಾ.

ನಮ್ಮಲ್ಲಿ ಎರಡು ಸೀಟಿನ ಸಣ್ಣ ವಿಮಾನ, ಒಂದು ಹಳೇ ಸೆಸ್ನಾ 152 ಇದೆ. ಈಗ ಹಾರುವಂಥದ್ದಲ್ಲ. ರಿಜಿಸ್ಟ್ರೇಶನ್ ರದ್ದಾದ ಮೇಲೆ ಮಕ್ಕಳ ಪಾಠಕ್ಕೆ ಅಂತ ತಂದದ್ದು. ಎಂಜಿನ್ ಲೈಕಮಿಂಗ್ ಒ-235. ಲಾಕ್‌ಡೌನ್‌ಗೆ ಮೊದಲು ಒಮ್ಮೆ ಓಡಿಸಿದ್ದರಂತೆ. ಆಮೇಲೆ ಶೆಡ್‌ನಲ್ಲೇ ನಿಂತಿದೆ. ಶೆಡ್ ಹೆದ್ದಾರಿಯ ಪಶ್ಚಿಮಕ್ಕೆ. ಮಳೆಗಾಲದಲ್ಲಿ ರಾತ್ರಿ ಸಮುದ್ರದ ಸದ್ದು ಚೆನ್ನಾಗಿ ಕೇಳುತ್ತದೆ, ಅಷ್ಟು ಹತ್ತಿರ. ಮೂರು ಕಡೆ ಗೋಡೆ, ಒಂದು ಕಡೆ ಟಾರ್ಪಾಲು.

ಈಗ ಮುಂದಿನ ತಿಂಗಳು ಟೆಕ್ ಫೆಸ್ಟ್. ಉದ್ಘಾಟನೆಗೆ ರಿಬ್ಬನ್ ಕತ್ತರಿಸುವ ಹೊತ್ತಿಗೆ ಸರಿಯಾಗಿ ಎಂಜಿನ್ ಸ್ಟಾರ್ಟ್ ಆಗಬೇಕು ಅಂತ ಎಚ್ಒಡಿ ಸರ್ ಆಸೆ. ಅವರ ಪ್ಲಾನ್ ಹೀಗಿದೆ: ವಿಮಾನದ ಬ್ಯಾಟರಿ ಸತ್ತಿದೆ, ಹಾಗಾಗಿ ಲಾರಿಯ ಎರಡು ಬ್ಯಾಟರಿ ಸೀರಿಸ್‌ನಲ್ಲಿ ಕೊಡುವುದು. ಪೆಟ್ರೋಲ್ ಬಂಕ್‌ನಿಂದ ಹತ್ತು ಲೀಟರ್ ತರುವುದು. ಆಯಿಲ್ ಲೆವೆಲ್ ಸರಿ ಇದೆ, ಹಾಗಾಗಿ ಅದನ್ನು ಮುಟ್ಟುವುದು ಬೇಡ. ಎಂಜಿನ್ ಜಾಮ್ ಆಗಬಾರದು ಅಂತ ನಮ್ಮ ಅಟೆಂಡರ್ ವಾರಕ್ಕೊಮ್ಮೆ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುತ್ತಾ ಬಂದಿದ್ದಾರೆ. ಫ್ರೀಯಾಗಿಯೇ ತಿರುಗುತ್ತದೆ.

ನನಗೆ ಮಾತ್ರ ಒಳಗೊಳಗೇ ಹೆದರಿಕೆ. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ವಿಮಾನದ ಎಂಜಿನ್ ಬಿಚ್ಚಿ ಗೊತ್ತಿಲ್ಲ. ಹೀಗೆ ಸ್ಟಾರ್ಟ್ ಮಾಡಿದರೆ ಏನಾಗಬಹುದು? ಗೊತ್ತಿದ್ದವರು ಹೇಳಿ.

ಬೈಕ್ ಬಾವ, ಸುರತ್ಕಲ್

ಎಂತ ಆಗುವುದು ಮಾರಾಯ್ರೆ? ನನ್ನ ಬುಲೆಟ್ ಎರಡು ಮಳೆಗಾಲ ಅಜ್ಜಿಮನೆ ಕೊಟ್ಟಿಗೆಯಲ್ಲಿ ನಿಂತಿತ್ತು. ಪ್ಲಗ್ ಉಜ್ಜಿದೆ, ಕಿಕ್ ಹೊಡೆದೆ, ಸ್ಟಾರ್ಟ್. ಏರ್‌ಕೂಲ್ಡ್ ಎಂಜಿನ್ ಎಲ್ಲ ಒಂದೇ. ಸುಮ್ನೆ ಹೆದರಬೇಡಿ.

ಹಳೇ ಸ್ಪ್ಯಾನರ್, ಸಂತೆಕಟ್ಟೆ

ಲ್ಯಾಬ್ ಕೀ ಅವರೇ, ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ನಾನು ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಇಂಜಿನಿಯರ್ ಆಗಿದ್ದವನು. ಮೊದಲು ಫ್ಲೈಯಿಂಗ್ ಸ್ಕೂಲ್‌ಗಳ ಸಣ್ಣ ವಿಮಾನ, ಆಮೇಲೆ ಗಲ್ಫ್‌ನಲ್ಲಿ ದೊಡ್ಡವು. ಈಗ ರಿಟೈರ್ ಆಗಿ ಸಂತೆಕಟ್ಟೆಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದೇನೆ. ನಿಮ್ಮ ಎಚ್ಒಡಿ ಪ್ಲಾನ್ ಓದಿ ಕೂತಲ್ಲಿ ಕೂರಲಾಗಲಿಲ್ಲ, ಅದಕ್ಕೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಕೆಲಸ. ಇವತ್ತೇ ಹೋಗಿ ಆ ಅಟೆಂಡರ್ ಅಣ್ಣನಿಗೆ ಪ್ರೊಪೆಲ್ಲರ್ ಮುಟ್ಟಬೇಡಿ ಅಂತ ಹೇಳಿ. ಪಾಪ, ಅವರು ಒಳ್ಳೆಯದಕ್ಕೇ ಮಾಡಿದ್ದಾರೆ. ಆದರೆ ಈ ಎಂಜಿನ್‌ನ ಕಿಡಿಗೆ ಬ್ಯಾಟರಿ ಬೇಡ. ಮ್ಯಾಗ್ನೆಟೋ ತಿರುಗಿದರೆ ಸಾಕು, ತಾನೇ ಕಿಡಿ ಹುಟ್ಟಿಸುತ್ತದೆ. ಕಾಕ್‌ಪಿಟ್‌ನಲ್ಲಿ ಕೀ ಆಫ್ ಮಾಡಿದಾಗ ಆಗುವುದು ಇಷ್ಟೇ: ಒಂದು ವಯರ್ ಮೂಲಕ ಮ್ಯಾಗ್ನೆಟೋ ಅರ್ತ್ ಆಗುತ್ತದೆ. ಪಿ-ಲೀಡ್ ಅನ್ನುತ್ತೇವೆ. ಆ ವಯರ್ ತುಕ್ಕು ಹಿಡಿದು ಕಡಿದಿದ್ದರೆ, ಕೀ ನಿಮ್ಮ ಜೇಬಿನಲ್ಲಿದ್ದರೂ ಮ್ಯಾಗ್ನೆಟೋ ಜೀವಂತ. ಸಿಲಿಂಡರ್‌ನಲ್ಲಿ ಸ್ವಲ್ಪ ಪೆಟ್ರೋಲ್ ಆವಿ ಉಳಿದಿದ್ದರೆ ಒಂದು ಏಟು ಹೊಡೆಯುತ್ತದೆ. ಆ ಒಂದು ಏಟು ಕೈ ಹೋಗಲು ಸಾಕು. ನಿಮ್ಮ ಶೆಡ್‌ನ ಗಾಳಿಗೆ ಇಷ್ಟು ವರ್ಷದಲ್ಲಿ ಆ ವಯರ್ ಹೇಗಿದೆಯೋ ಯಾರಿಗೆ ಗೊತ್ತು?

ಇನ್ನೊಂದು ವಿಷಯ. ಕೈಯಲ್ಲಿ ತಿರುಗಿಸಿದರೆ ಎಂಜಿನ್ ಉಳಿಯುತ್ತದೆ ಅನ್ನುವುದೇ ತಪ್ಪು. ಲೈಕಮಿಂಗ್ ಕಂಪನಿಯೇ ಹಾಗೆ ಮಾಡಬೇಡಿ ಅಂತ ಸರ್ವಿಸ್ ಲೆಟರ್‌ನಲ್ಲಿ ಬರೆದಿದೆ, ಎಲ್180 ಅಂತ ಅದರ ನಂಬರ್. ಕೈಯಲ್ಲಿ ನಿಧಾನ ತಿರುಗಿಸಿದಾಗ ಆಯಿಲ್ ಪಂಪ್ ಮೇಲಿನವರೆಗೆ ಆಯಿಲ್ ಕಳಿಸುವುದಿಲ್ಲ. ಕ್ಯಾಮ್ (ವಾಲ್ವ್ ತೆರೆಯುವ ಮೂಗುಗಳಿರುವ ಶಾಫ್ಟ್) ಮೇಲೆ, ಸಿಲಿಂಡರ್ ಗೋಡೆ ಮೇಲೆ ಅಂಟಿಕೊಂಡಿದ್ದ ತೆಳು ಆಯಿಲ್ ಪೊರೆ ಮಾತ್ರ ಒರೆಸಿ ಹೋಗುತ್ತದೆ. ವಾರಕ್ಕೊಮ್ಮೆ, ವರ್ಷಗಟ್ಟಲೆ ಒರೆಸಿದ್ದೀರಿ. ಫ್ರೀಯಾಗಿ ತಿರುಗುತ್ತದೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಹಾಳಾದ ಕ್ಯಾಮ್ ಕೂಡ ಫ್ರೀಯಾಗಿಯೇ ತಿರುಗುತ್ತದೆ.

ಈ ಕ್ಯಾಮ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಎಂಜಿನ್‌ನ ಹಣೆಬರಹ ಇರುವುದು ಅಲ್ಲೇ. ಲೈಕಮಿಂಗ್ ಎಂಜಿನ್‌ನಲ್ಲಿ ಕ್ಯಾಮ್ ಶಾಫ್ಟ್ ಇರುವುದು ಕ್ರ್ಯಾಂಕ್ ಶಾಫ್ಟ್‌ನ ಮೇಲೆ. ಎಂಜಿನ್ ನಿಂತ ಮೇಲೆ ಆಯಿಲ್ ಎಲ್ಲ ಕೆಳಗೆ ಸಂಪ್‌ಗೆ ಇಳಿಯುತ್ತದೆ. ಡಿಪ್ ಸ್ಟಿಕ್‌ನಲ್ಲಿ ಲೆವೆಲ್ ಭೇಷಾಗಿ ಕಾಣುತ್ತದೆ, ಮೇಲೆ ಕ್ಯಾಮ್ ಒಣಗಿ ಕೂತಿರುತ್ತದೆ. ನಮ್ಮ ಕರಾವಳಿಯ ಗಾಳಿ ನಿಮಗೆ ಗೊತ್ತೇ ಇದೆ. ಜೂನ್‌ನಲ್ಲಿ ಬೀರು ಮುಚ್ಚಿದರೆ ಆಗಸ್ಟ್‌ನಲ್ಲಿ ಬೆಲ್ಟ್‌ಗೆ ಬೂಸ್ಟು ಬಂದಿರುತ್ತದೆ. ಅದೇ ಗಾಳಿ ಬ್ರೀದರ್ ಪೈಪ್‌ನಲ್ಲಿ, ಎಕ್ಸಾಸ್ಟ್‌ನಲ್ಲಿ ಒಳಗೆ ಹೋಗುತ್ತದೆ. ಹಗಲು ಬಿಸಿ, ರಾತ್ರಿ ತಂಪು. ಒಳಗೆ ನೀರು ಬೆವರುತ್ತದೆ. ಹೊಸ ಸಿಲಿಂಡರ್ ಹಾಕಿದ ಎಂಜಿನ್ ಆದರೆ ತೇವ ಜಾಸ್ತಿ ಇರುವ ಜಾಗದಲ್ಲಿ ಎರಡೇ ದಿನದಲ್ಲಿ ತುಕ್ಕು ಕಾಣಬಹುದು ಅಂತ ಎಂಜಿನ್ ಮಾಡುವವರೇ ಎಚ್ಚರಿಸುತ್ತಾರೆ. ನಿಮ್ಮದು ವರ್ಷಗಳ ಲೆಕ್ಕ.

ಈಗ ಸ್ಟಾರ್ಟ್ ಮಾಡಿದಿರಿ ಅಂದುಕೊಳ್ಳಿ. ತುಕ್ಕು ಉಜ್ಜಿ ಹೋಗುತ್ತದೆ, ಸದ್ದೂ ಚೆನ್ನಾಗಿಯೇ ಇರುತ್ತದೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಆದರೆ ತುಕ್ಕು ಇದ್ದಲ್ಲಿ ಸಣ್ಣ ಸಣ್ಣ ಗುಂಡಿ ಉಳಿಯುತ್ತದೆ. ಕ್ಯಾಮ್‌ನ ಮೂಗು ಟ್ಯಾಪೆಟ್ (ಆ ಒತ್ತನ್ನು ವಾಲ್ವ್ ಕಡೆಗೆ ದಾಟಿಸುವ ತುಂಡು) ಮೇಲೆ ಒತ್ತುವ ಭಾರ ಸಣ್ಣದಲ್ಲ. ಗುಂಡಿಯ ಅಂಚಿನಿಂದ ಲೋಹ ಚಕ್ಕೆ ಏಳಲು ಶುರು. ಆ ಚಕ್ಕೆ ಆಯಿಲ್‌ಗೆ ಬಂದು, ಬೇರಿಂಗ್‌ಗೆ ಹೋಗಿ, ಇನ್ನಷ್ಟು ಕೆರೆಯುತ್ತದೆ. ಇತ್ತ ಕ್ಯಾಮ್‌ನ ಮೂಗು ಸವೆದಷ್ಟೂ ವಾಲ್ವ್ ಕಡಿಮೆ ತೆರೆಯುತ್ತದೆ. ಪವರ್ ಇಳಿಯುತ್ತದೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಫ್ಲೈಯಿಂಗ್ ಕ್ಲಬ್‌ನಲ್ಲಿ, ಹೆಸರು ಬೇಡ, ಕೋರ್ಟ್ ಕೇಸ್‌ನಿಂದಾಗಿ ವರ್ಷಗಟ್ಟಲೆ ನಿಂತಿದ್ದ ಒಂದು ವಿಮಾನ. ಕೇಸ್ ಮುಗಿದ ಖುಷಿಯಲ್ಲಿ ಹೊಸ ಬ್ಯಾಟರಿ, ಹೊಸ ಆಯಿಲ್ ಹಾಕಿ ಹಾರಿಸಿಯೇ ಬಿಟ್ಟರು. ಮೊದಲ ಹಾರಾಟ ಚೆನ್ನಾಗಿತ್ತು. ಆಮೇಲೂ ಕೆಲವು ದಿನ ಏನೂ ಆಗಲಿಲ್ಲ. ಒಂದು ದಿನ ಮೇಲೇರುವಾಗ ಆರ್‌ಪಿಎಂ ಏರಲಿಲ್ಲ. ಪೈಲಟ್ ಜಾಣ, ಮೊಂಡು ಹಿಡಿಯದೆ ತಿರುಗಿಸಿಕೊಂಡು ಬಂದು ಇಳಿಸಿದರು. ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದದ ಮಡಿಕೆ ಬಿಡಿಸಿ ಬಿಳಿ ಬಟ್ಟೆ ಮೇಲೆ ಹರಡಿದೆವು. ಬೆಳಕಿಗೆ ಹಿಡಿದರೆ ಮಡಿಕೆಗಳ ಸಂದಿಯಲ್ಲೆಲ್ಲ ಮಿಣ ಮಿಣ. ಮ್ಯಾಗ್ನೆಟ್ ಹಿಡಿದದ್ದೇ ತಡ, ಅದಕ್ಕೆ ಮೀಸೆ ಬಂತು. ಸಿಲಿಂಡರ್ ಕಳಚಿ ಟಾರ್ಚ್ ಬಿಟ್ಟು ನೋಡಿದರೆ, ನುಣ್ಣಗೆ ಹೊಳೆಯಬೇಕಾದ ಟ್ಯಾಪೆಟ್ ಮುಖ ಗೆದ್ದಲು ತಿಂದ ಹಲಗೆಯ ಹಾಗಿತ್ತು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗುಂಡಿಗಳು. ಕ್ಯಾಮ್‌ನ ಒಂದು ಮೂಗು ಸವೆದು ಬಹುತೇಕ ಗುಂಡಗಾಗಿತ್ತು. ಅದು ಹಾಳಾದದ್ದು ಹಾರಾಡಿದ ದಿನಗಳಲ್ಲಿ ಅಲ್ಲ ಸ್ವಾಮಿ, ನಿಂತ ವರ್ಷಗಳಲ್ಲಿ. ಹಾರಿದ್ದು ಬರೀ ಲೆಕ್ಕ ಚುಕ್ತಾ ಮಾಡಲಿಕ್ಕೆ.

ಬಂಕ್ ಪೆಟ್ರೋಲ್ ವಿಷಯಕ್ಕೆ ಬರೋಣ. ಬೇಡ. ನಿಮ್ಮದು ಒ-235-ಎಲ್2ಸಿ ಆಗಿದ್ದರೆ ಕಂಪ್ರೆಶನ್ 8.5ಕ್ಕೆ 1. ಅದಕ್ಕೆ ಬೇಕಾದದ್ದು 100 ಆಕ್ಟೇನ್ ಏವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್, ನೀಲಿ ಬಣ್ಣದ್ದು. ಈಗ ಬಂಕ್‌ನಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಸೀಲ್‌ಗಳನ್ನು ಉಬ್ಬಿಸುತ್ತದೆ. ಟ್ಯಾಂಕ್‌ನಲ್ಲಿ ಈಗಾಗಲೇ ಇರುವ ಹಳೇ ಇಂಧನ ಗೋಂದಾಗಿ ಕಾರ್ಬುರೇಟರ್‌ನ ಜೆಟ್‌ನಲ್ಲಿ ಕೂತಿರುತ್ತದೆ, ಅದು ಬೇರೆ ತಾಪತ್ರಯ. ಎಡ ರೆಕ್ಕೆಯ ಕೆಳಗೆ ಆಸರೆ ಕಂಬದ ಹತ್ತಿರ ಟ್ಯಾಂಕ್‌ನ ಗಾಳಿ ಕೊಳವೆ ಇದೆ, ಬಗ್ಗಿ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಆ ತೂತು ಅಂದರೆ ಪಂಚಪ್ರಾಣ. ಅದು ಮುಚ್ಚಿದ್ದರೆ ಟ್ಯಾಂಕ್‌ಗೆ ಗಾಳಿ ಬರುವುದಿಲ್ಲ, ಎಂಜಿನ್‌ಗೆ ಪೆಟ್ರೋಲ್ ಇಳಿಯುವುದಿಲ್ಲ.

ಲಾರಿ ಬ್ಯಾಟರಿಯ ಲೆಕ್ಕ ಮಾತ್ರ ಸರಿ ಇದೆ, 152ಕ್ಕೆ 24 ವೋಲ್ಟ್ ಬ್ಯಾಟರಿಯೇ. ಆದರೆ ನನಗೆ ಅದರದ್ದೇ ಭಯ. ಲಾರಿ ಬ್ಯಾಟರಿಗೆ ಸುಸ್ತಾಗುವುದಿಲ್ಲ. ಎಂಜಿನ್ ಹಿಡಿಯದಿದ್ದರೆ ನಿಮ್ಮವರು ಪ್ರೈಮರ್ ಒತ್ತುತ್ತಾರೆ, ಥ್ರಾಟಲ್ ಪಂಪ್ ಮಾಡುತ್ತಾರೆ, ಮತ್ತೆ ಕ್ರ್ಯಾಂಕ್ ಮಾಡುತ್ತಾರೆ. ಜಾಸ್ತಿಯಾದ ಪೆಟ್ರೋಲ್ ಕೆಳಗೆ ಗಾಳಿ ಎಳೆಯುವ ಏರ್‌ಬಾಕ್ಸ್‌ಗೆ ಸುರಿಯುತ್ತದೆ. ಒಂದು ಬ್ಯಾಕ್‌ಫೈರ್ ಆದರೆ ಬೆಂಕಿ. ಅಲ್ಲಿ ಇಲಿ ಗೂಡು ಕಟ್ಟಿದ್ದರಂತೂ ಮುಗಿಯಿತು. ಹಾಗೇನಾದರೂ ಆದರೆ ಸೆಸ್ನಾ ಪುಸ್ತಕದಲ್ಲಿ ಹೇಳಿರುವುದು ಕ್ರ್ಯಾಂಕ್ ಮಾಡುತ್ತಲೇ ಇರಿ ಅಂತ, ಜ್ವಾಲೆ ಎಂಜಿನ್ ಒಳಗೆ ಎಳೆದುಕೊಳ್ಳಲಿ ಅಂತ. ಆದರೆ ಬೆಂಕಿ ಕಂಡ ಕೂಡಲೇ ಎಲ್ಲರೂ ಮೊದಲು ಮಾಡುವುದು ಕೀ ಬಿಟ್ಟು ಓಡುವುದು.

ಬೈಕ್ ಬಾವ, ನಿಮ್ಮ ಬುಲೆಟ್ ಬಗ್ಗೆ ನನಗೆ ಗೌರವ ಇದೆ. ಅದು ನಿಂತರೆ ಸ್ಟ್ಯಾಂಡ್ ಹಾಕಿ ಇಳಿಯಬಹುದು. ಅಷ್ಟೇ ವ್ಯತ್ಯಾಸ.

ಲ್ಯಾಬ್ ಕೀ ಅವರೇ, ಈಗ ನೀವು ಮಾಡಬೇಕಾದ್ದು ಸ್ಟಾರ್ಟ್ ಅಲ್ಲ, ನೋಡುವುದು. ಎಂಟು ಸ್ಪಾರ್ಕ್ ಪ್ಲಗ್‌ನ ಲೀಡ್ ಬಿಚ್ಚಿ, ಎಂಟೂ ಪ್ಲಗ್ ತೆಗೆಯಿರಿ. ಮೊಬೈಲ್‌ಗೆ ಹಾಕುವ ಬೋರೋಸ್ಕೋಪ್ (ತೂತಿನೊಳಗೆ ಬಿಡುವ ತೆಳು ಕ್ಯಾಮೆರಾ) ಆನ್‌ಲೈನ್‌ನಲ್ಲಿ ಸಿಗುತ್ತದೆ. ಪ್ಲಗ್ ತೂತಿನಿಂದ ಸಿಲಿಂಡರ್ ಗೋಡೆ ನೋಡಿ. ಆಯಿಲ್ ಸಂಪ್‌ನ ತಳದ ಬಿರಡೆ ಸ್ವಲ್ಪವೇ ಸಡಿಲಿಸಿ, ಮೊದಲು ಬರುವ ಅರ್ಧ ಲೋಟ ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಡಿ. ಏನು ಕಂಡಿತು ಅಂತ ಇಲ್ಲೇ ಬರೆಯಿರಿ.

ಮಲ್ಪೆ ಡೀಸೆಲ್

ಸ್ಪ್ಯಾನರ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ಮಲ್ಪೆ ಬಂದರಿನಲ್ಲಿ ಬೋಟ್ ಎಂಜಿನ್ ಕೆಲಸ ಮಾಡುವವನು. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್. 61 ದಿನ ಬೋಟ್ ನಿಲ್ಲುತ್ತದೆ. ಆಗಸ್ಟ್ ಬಂತು ಅಂದರೆ ನನ್ನ ಫೋನ್‌ಗೆ ಪುರುಸೊತ್ತಿಲ್ಲ. ತಂಡೇಲರಿಗೆ (ಬೋಟ್ ನಡೆಸುವವರಿಗೆ) ಗಡಿಬಿಡಿ, ಮೊದಲ ದಿನವೇ ಕಡಲಿಗೆ ಇಳಿಯಬೇಕು. ಎಂಜಿನ್ ಎರಡು ಸಲ ಸ್ಟಾರ್ಟ್ ಆಗಲಿಲ್ಲ ಅಂದರೆ ಏರ್ ಹಿಡಿದಿದೆ ಅಂತ ಬ್ಲೀಡ್ ಮಾಡಿ ಮತ್ತೆ ಹೊಡೆಯುತ್ತಾರೆ. ಆದರೆ ಏರ್ ಅಲ್ಲ ಅದು. ಅರ್ಧ ಟ್ಯಾಂಕ್ ಬಿಟ್ಟು ಹೋದ ಡೀಸೆಲ್‌ನಲ್ಲಿ ನೀರು ಕೂತು, ತಳದಲ್ಲಿ ಕಪ್ಪು ಲೋಳೆ ಬೆಳೆದಿರುತ್ತದೆ. ಫಿಲ್ಟರ್ ಬಿಚ್ಚಿದರೆ ಕೈಗೆ ಅಂಟುತ್ತದೆ, ವಾಸನೆ ಬೇರೆ. ಹಾಗೇ ಓಡಿಸಿದರೆ ಪಂಪ್, ನಾಜಲ್ ಎರಡೂ ಹೋಗುತ್ತದೆ. ಟ್ಯಾಂಕ್ ಫುಲ್ ಮಾಡಿ ನಿಲ್ಲಿಸಿ ಅಂತ ಪ್ರತಿ ಮೇ ತಿಂಗಳಲ್ಲಿ ಹೇಳುತ್ತೇನೆ. ಮೇ ಕೊನೆಗೆ ಯಾರ ಹತ್ತಿರ ದುಡ್ಡು ಉಂಟು ಹೇಳಿ.

ಒಂದು ಡೌಟ್ ಅಣ್ಣ. ಲಾಕ್‌ಡೌನ್‌ನಲ್ಲಿ ದೊಡ್ಡ ವಿಮಾನ ಎಲ್ಲ ತಿಂಗಳುಗಟ್ಟಲೆ ನಿಂತಿತ್ತಲ್ಲ. ಅದಕ್ಕೆಲ್ಲ ಏನೂ ಆಗಲಿಲ್ಲವಾ? ನಾವು ಅದರಲ್ಲೇ ಬಜ್ಪೆ ಏರ್‌ಪೋರ್ಟ್‌ನಿಂದ ಹೋಗಿ ಬಂದು ಮಾಡಿದೆವು.

ಹಳೇ ಸ್ಪ್ಯಾನರ್, ಸಂತೆಕಟ್ಟೆ

ಆಯಿತು, ಆಗದೆ ಇರುತ್ತದಾ. ನಮ್ಮ ದೇಶದೊಳಗಿನ ವಿಮಾನಗಳು 2020ರ ಮಾರ್ಚ್ 25ರಿಂದ ಮೇ 25ರ ತನಕ ನಿಂತವು. ಬೇರೆ ದೇಶಗಳಲ್ಲಿ ಇನ್ನೂ ಜಾಸ್ತಿ. ಅದೇ ಜುಲೈ ಕೊನೆಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್ಎಎ ಒಂದು ತುರ್ತು ಆದೇಶ ಹೊರಡಿಸಿತು. ಬೋಯಿಂಗ್ 737ರ ಹಳೇ ಕ್ಲಾಸಿಕ್ ಮಾದರಿಗೆ ಮತ್ತು ಎನ್‌ಜಿ ಮಾದರಿಗೆ. ಬಜ್ಪೆಗೆ ಗಲ್ಫ್‌ನಿಂದ ಬರುವ 737-800 ಇದೆಯಲ್ಲ, ಅದು ಎನ್‌ಜಿಯೇ. ಹಾರುವಾಗ ಒಂದು ಎಂಜಿನ್ ಬಂದ್ ಆದ ನಾಲ್ಕು ವರದಿ ಬಂದಿತ್ತು. ಕಾರಣ ಹುಡುಕಿದರೆ ಎಂಜಿನ್‌ನಿಂದ ಗಾಳಿ ತೆಗೆಯುವ ಪೈಪ್‌ನ ಒಂದು ಚೆಕ್ ವಾಲ್ವ್.

ಅದರ ಕೆಲಸ ಹೀಗೆ. ಕ್ಯಾಬಿನ್‌ಗೆ ಬೇಕಾದ ಗಾಳಿಯನ್ನು ಎಂಜಿನ್ ಜೋರಾಗಿ ಓಡುವಾಗ ಅದರ ಕಂಪ್ರೆಸರ್‌ನ (ಗಾಳಿಯನ್ನು ಹಂತ ಹಂತವಾಗಿ ಒತ್ತುವ ಭಾಗ) 5ನೇ ಹಂತದಿಂದ ತೆಗೆಯುತ್ತಾರೆ. ಇಳಿಯುವಾಗ ಪವರ್ ಕಡಿಮೆ ಮಾಡಿದರೆ ಅಲ್ಲಿನ ಒತ್ತಡ ಸಾಲುವುದಿಲ್ಲ, ಆಗ 9ನೇ ಹಂತದಿಂದ ಗಾಳಿ ಬರುತ್ತದೆ. 9ನೇ ಹಂತದ ಗಾಳಿ 5ನೇ ಹಂತಕ್ಕೆ ವಾಪಸ್ ನುಗ್ಗಬಾರದು ಅಂತ ನಡುವೆ ಈ ಚೆಕ್ ವಾಲ್ವ್. ಒಳಗೆ ಎರಡು ರೆಕ್ಕೆ ಇರುತ್ತದೆ, ತೆರೆದು ಮುಚ್ಚುವಂಥದ್ದು. ನಿಂತ ವಿಮಾನದಲ್ಲಿ ಅದಕ್ಕೆ ತುಕ್ಕು ಹಿಡಿದು ತೆರೆದೇ ಸಿಕ್ಕಿಹಾಕಿಕೊಂಡಿತು. ಗಾಳಿ ಹಿಂದಕ್ಕೆ ನುಗ್ಗಿ ಕಂಪ್ರೆಸರ್ ಸ್ಟಾಲ್ ಆಗಿ, ಅಂದರೆ ಒಳಗಿನ ಗಾಳಿಯ ಹರಿವು ಕೆಟ್ಟು, ಎಂಜಿನ್ ಹೋಯಿತು. ಆ ಸ್ಥಿತಿಯಲ್ಲಿ ಎಂಜಿನ್ ಮತ್ತೆ ಸ್ಟಾರ್ಟ್ ಕೂಡ ಆಗದಿರಬಹುದು. ಎರಡೂ ಎಂಜಿನ್‌ಗೆ ಒಟ್ಟಿಗೆ ಆದರೆ ಏನು ಗತಿ? ಎಫ್ಎಎಗೆ ತಲೆಬಿಸಿ ಆದದ್ದು ಅದೇ. ಹಾಗಾಗಿ 7 ದಿನ ಅಥವಾ ಅದಕ್ಕಿಂತ ಜಾಸ್ತಿ ಸತತವಾಗಿ ನಿಂತ ವಿಮಾನವನ್ನು ಮತ್ತೆ ಹಾರಿಸುವ ಮೊದಲು ಆ ವಾಲ್ವ್‌ನ ರೆಕ್ಕೆಗಳನ್ನು ಕೈಯಲ್ಲೇ ತಿರುಗಿಸಿ ನೋಡಬೇಕು ಅಂತ ಆದೇಶ. 7 ದಿನ! ಕೋಟ್ಯಂತರ ರೂಪಾಯಿಯ ಎಂಜಿನ್, ಕೊನೆಗೆ ಬೆರಳು ಹಾಕಿ ಅಲ್ಲಾಡಿಸಿ ನೋಡುವುದೇ ಪರೀಕ್ಷೆ. ನನಗೆ ಇಂಥದ್ದು ಬಹಳ ಇಷ್ಟ.

ಡೀಸೆಲ್ ಅಣ್ಣ, ನಿಮ್ಮ ಕಪ್ಪು ಲೋಳೆಗೂ ಒಂದು ಕಥೆ ಇದೆ. ವಿಮಾನದ ಇಂಧನದಲ್ಲೂ ನೀರು ಇದ್ದರೆ ಅದು ಬೆಳೆಯುತ್ತದೆ, ಅದನ್ನು ಕೊಲ್ಲಲು ಮದ್ದು ಹಾಕುತ್ತಾರೆ. 2020ರ ಫೆಬ್ರವರಿಯಲ್ಲಿ, ಅಂದರೆ ಲಾಕ್‌ಡೌನ್‌ಗೂ ಮೊದಲು, ಒಂದು ಏರ್‌ಬಸ್ ಎ321 ಮೇಂಟೆನೆನ್ಸ್‌ಗೆ ನಿಂತಿದ್ದಾಗ ಆ ಮದ್ದು ಹಾಕಿದರು. ಪಿಪಿಎಂ (ಹತ್ತು ಲಕ್ಷ ಪಾಲಿಗೆ ಎಷ್ಟು ಪಾಲು) ಲೆಕ್ಕ ತಪ್ಪಿ, ಹಾಕಬೇಕಾದ್ದಕ್ಕಿಂತ ಸುಮಾರು 38 ಪಟ್ಟು ಬಿತ್ತು. ಆಮೇಲೆ ಎಂಜಿನ್ ಸ್ಟಾರ್ಟ್ ಆಗಲು ತಕರಾರು ಮಾಡಿತು. ನೋಡಲು ಬಂದವರು ತೆರೆದದ್ದು ಬೇರೆ ಮಾದರಿಯ ಎಂಜಿನ್‌ನ ಪುಟ. ಎಲ್ಲ ಸರಿ ಇದೆ ಅಂತ ಬಿಟ್ಟರು. ಲಂಡನ್‌ನ ಗ್ಯಾಟ್‌ವಿಕ್‌ನಿಂದ ಏರಿದ ಕೂಡಲೇ ಒಂದು ಎಂಜಿನ್ ಬಡಬಡ ಅಂತ ಸದ್ದು ಮಾಡಿ ಬೆಂಕಿ ಕಾರಿತು. ಸ್ವಲ್ಪದರಲ್ಲೇ ಇನ್ನೊಂದೂ ತೊಂದರೆ ಕೊಟ್ಟಿತು. ಹೇಗೋ ತಿರುಗಿ ಬಂದು ಇಳಿಸಿದರು, ಯಾರಿಗೂ ಏನೂ ಆಗಲಿಲ್ಲ. ಸ್ಟಾರ್ಟ್ ಆಗಲು ತಕರಾರು ಮಾಡುವ ಎಂಜಿನ್ ಏನೋ ಹೇಳುತ್ತಿರುತ್ತದೆ. ನಿಮ್ಮ ತಂಡೇಲರಿಗೂ ಇದನ್ನು ಓದಿಸಿ.

ಲ್ಯಾಬ್ ಕೀ, ಮಂಗಳೂರು

ಸರ್, ನೀವು ಹೇಳಿದ ಹಾಗೆ ನೋಡಿದೆ. ಬಾಟಲಿಯಲ್ಲಿ ತಳಕ್ಕೆ ಒಂದು ಬೆರಳು ದಪ್ಪ ನೀರು ನಿಂತಿದೆ, ಮೇಲೆ ಕಪ್ಪು ಆಯಿಲ್, ನಡುವೆ ಕೆನೆ ಬಣ್ಣದ ಪದರ. ಬೋರೋಸ್ಕೋಪ್‌ನಲ್ಲಿ ಎರಡು ಸಿಲಿಂಡರ್ ಪರವಾಗಿಲ್ಲ. ಮೂರನೆಯದರ ಗೋಡೆಯಲ್ಲಿ ಒಂದು ಕಡೆ ಕಂದು ಪಟ್ಟಿ. ನಾಲ್ಕನೆಯದರಲ್ಲಿ ಎಕ್ಸಾಸ್ಟ್ ವಾಲ್ವ್ ತೆರೆದೇ ನಿಂತಿತ್ತು ಅಂತ ಕಾಣುತ್ತದೆ, ಅದರ ಸುತ್ತ ಎಲ್ಲ ಕೆಂಪು ಪುಡಿ. ಗಾಳಿ ಕೊಳವೆಯಲ್ಲಿ ಕಣಜದ ಗೂಡು ಸಿಕ್ಕಿತು, ನಿಜಕ್ಕೂ!

ಎಚ್ಒಡಿ ಸರ್‌ಗೆ ಫೋಟೊ ತೋರಿಸಿದೆ. ಆಯಿಲ್ ಬದಲಿಸಿ ಎರಡೇ ನಿಮಿಷ ಓಡಿಸೋಣ, ಹಾರಿಸುವುದಿಲ್ಲವಲ್ಲ ಅಂತಾರೆ. ತಿಂಗಳಿಗೊಮ್ಮೆ ಹೀಗೆ ಸ್ವಲ್ಪ ಹೊತ್ತು ಓಡಿಸುತ್ತಾ ಬಂದರೆ ಮುಂದಕ್ಕೆ ತುಕ್ಕೇ ಹಿಡಿಯುವುದಿಲ್ಲ ಅಂತಲೂ ಹೇಳಿದರು. ಇದಕ್ಕೆ ಏನು ಹೇಳಲಿ?

ಹಳೇ ಸ್ಪ್ಯಾನರ್, ಸಂತೆಕಟ್ಟೆ

ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸುವುದು ಓಡಿಸದೆ ಇರುವುದಕ್ಕಿಂತ ಕೆಟ್ಟದ್ದು ಅಂತ ಹೇಳಿ. ಕಾರಣವನ್ನೂ ಹೇಳಿ, ಮೇಷ್ಟ್ರಲ್ವಾ, ಕಾರಣ ಕೊಟ್ಟರೆ ಒಪ್ಪುತ್ತಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಜಾಸ್ತಿ ಪಾಲು ಎಕ್ಸಾಸ್ಟ್‌ನಲ್ಲಿ ಆವಿಯಾಗಿ ಹೋಗುತ್ತದೆ. ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾದರೆ ಮಾತ್ರ ಆ ನೀರು ಹಾರಿಹೋಗುವುದು. ಲೈಕಮಿಂಗ್ ಹೇಳುವುದು ತಿಂಗಳಿಗೆ ಒಮ್ಮೆಯಾದರೂ ಒಂದು ಗಂಟೆ ಸತತವಾಗಿ ಹಾರಬೇಕು, ಆಯಿಲ್ 74ರಿಂದ 93 ಡಿಗ್ರಿ ಸೆಲ್ಸಿಯಸ್ ಇರಬೇಕು ಅಂತ. ನೆಲದ ಮೇಲೆ ನಿಂತು ಓಡಿಸಿದರೆ ಆಗುವುದಿಲ್ಲ. ಗಾಳಿ ಸಾಲದೆ ಸಿಲಿಂಡರ್ ಕಾಯುತ್ತದೆ, ಆಯಿಲ್ ಮಾತ್ರ ಬೇಕಾದಷ್ಟು ಬಿಸಿ ಆಗುವುದೇ ಇಲ್ಲ. ನಿಮ್ಮ ಬಾಟಲಿಯ ನೀರಿನಲ್ಲಿ ಲಾಕ್‌ಡೌನ್‌ಗೆ ಮೊದಲು ಓಡಿಸಿದರಲ್ಲ, ಅದರ ಪಾಲೂ ಇರಬಹುದು.

ಎರಡು ನಿಮಿಷ ಸಾಕು ಅನ್ನುವುದಕ್ಕೆ ಉತ್ತರ ನಾಲ್ಕನೇ ಸಿಲಿಂಡರ್‌ನಲ್ಲಿದೆ. ಆ ವಾಲ್ವ್‌ನ ಕಾಂಡ ಗೈಡ್‌ನಲ್ಲಿ ತುಕ್ಕಿಗೆ ಬಿಗಿದಿದ್ದರೆ, ಕ್ಯಾಮ್ ತಳ್ಳಿದಾಗ ವಾಲ್ವ್ ಅಲುಗುವುದಿಲ್ಲ. ಆಗ ಬಗ್ಗುವುದು ಪುಶ್‌ರಾಡ್, ಕ್ಯಾಮ್‌ನ ಒತ್ತನ್ನು ವಾಲ್ವ್ ಕಡೆಗೆ ಒಯ್ಯುವ ಸರಳು. ಅದಕ್ಕೆ ಎರಡು ನಿಮಿಷವೂ ಬೇಡ, ಎರಡು ಸುತ್ತು ಸಾಕು.

ಎಂಜಿನ್ ಚೆನ್ನಾಗಿದ್ದಿದ್ದರೆ ಸ್ಟಾರ್ಟ್‌ಗೆ ಒಂದು ಕ್ರಮ ಇದೆ. ಹಳೇ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಅಥವಾ ಸ್ಕ್ರೀನ್ ತೆಗೆದು ನೋಡಿ, ಹೊಸ ಆಯಿಲ್ ತುಂಬಬೇಕು. ಕಾರ್ಬುರೇಟರ್ ಬಿಚ್ಚಿ ತೊಳೆಯಬೇಕು. ಪಿ-ಲೀಡ್ ಮೀಟರ್ ಹಾಕಿ ನೋಡಬೇಕು. ಆಮೇಲೆ ಪ್ರತಿ ಸಿಲಿಂಡರ್‌ನ ಒಂದೊಂದು ಪ್ಲಗ್ ತೆಗೆದು, ಎಲ್ಲ ಲೀಡ್ ಕಳಚಿ ದೂರ ಕಟ್ಟಿ, ಪೆಟ್ರೋಲ್ ಬಂದ್ ಮಾಡಿ, ಸ್ಟಾರ್ಟರ್‌ನಲ್ಲಿ ತಿರುಗಿಸಬೇಕು. ಪ್ಲಗ್ ಇಲ್ಲದ ಕಾರಣ ಕಂಪ್ರೆಶನ್ ಇಲ್ಲ, ಬೇರಿಂಗ್ ಮೇಲೆ ಭಾರ ಇಲ್ಲ, ಆಯಿಲ್ ಮೇಲಕ್ಕೆ ಏರಲು ಸಮಯ ಸಿಗುತ್ತದೆ. ಒಂದು ಸಲಕ್ಕೆ 10–15 ಸೆಕೆಂಡ್, ಆಮೇಲೆ ಸ್ಟಾರ್ಟರ್ ತಣಿಯಲು ಬಿಡಬೇಕು. ಆಯಿಲ್ ಪ್ರೆಶರ್ 20 ಪಿಎಸ್‌ಐ ತೋರಿಸಿದ ಮೇಲಷ್ಟೇ ಪ್ಲಗ್ ಹಾಕಿ ಸ್ಟಾರ್ಟ್. ಸ್ಟಾರ್ಟ್ ಆಗಿ 30 ಸೆಕೆಂಡಿನಲ್ಲಿ ಪ್ರೆಶರ್ ಮುಳ್ಳು ಏಳಲಿಲ್ಲ ಅಂದರೆ ಬಂದ್. ಮುಳ್ಳಿಗೆ ಬೆರಳಲ್ಲಿ ತಟ್ಟಿ ನೋಡುತ್ತಾ ಕೂರುವವರಿದ್ದಾರೆ. ಹಾಗೆ ಮಾಡಬೇಡಿ.

ಆದರೆ ನಿಮ್ಮ ಎಂಜಿನ್‌ಗೆ ಇದೆಲ್ಲ ಈಗ ಬೇಡ. ನಾಲ್ಕನೇ ಸಿಲಿಂಡರ್ ಕಳಚಿ, ಕೇಸ್ ಒಳಗೆ ಕನ್ನಡಿ, ಟಾರ್ಚ್ ಹಿಡಿದು ಮೇಲಕ್ಕೆ ನೋಡಿ. ಕ್ಯಾಮ್ ಕಾಣುತ್ತದೆ. ಕಳಚಿದ ಮೇಲೆ ಪ್ರೊಪೆಲ್ಲರ್ ತಿರುಗಿಸಲೇಬಾರದು. ಸಿಲಿಂಡರ್ ಹಿಡಿದಿಡುವ ಉದ್ದ ಬೋಲ್ಟ್‌ಗಳೇ ಮೇನ್ ಬೇರಿಂಗನ್ನೂ ಬಿಗಿ ಹಿಡಿದಿರುವುದು. ಬೋಲ್ಟ್ ಸಡಿಲ ಇರುವಾಗ ತಿರುಗಿಸಿದರೆ ಬೇರಿಂಗ್ ಜಾರುತ್ತದೆ.

ಮತ್ತೆ ಲಾಗ್ ಬುಕ್ ಸಿಕ್ಕಿದರೆ ತೆರೆದು ನೋಡಿ. ಈ ಎಂಜಿನ್‌ಗೆ ಓವರ್‌ಹಾಲ್ (ಪೂರ್ತಿ ಬಿಚ್ಚಿ ರಿಪೇರಿ ಮಾಡಿ ಜೋಡಿಸುವುದು) ಅವಧಿ 2400 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಸೆಸ್ನಾ 152 ತಯಾರಿ ನಿಂತದ್ದೇ 1985ರಲ್ಲಿ. ನಿಮ್ಮದರ ಕೊನೆಯ ಓವರ್‌ಹಾಲ್ ಯಾವಾಗ ಆಗಿದೆ ಅಂತ ಮೇಷ್ಟ್ರಿಗೆ ತೋರಿಸಿ.

ಫೆಸ್ಟ್‌ಗೆ ಸದ್ದು ಬೇಕಿದ್ದರೆ ಡಿಜೆ ತರಿಸಲಿ.

ಬೈಕ್ ಬಾವ, ಸುರತ್ಕಲ್

ಒಂದು ಪ್ರಶ್ನೆ ಸ್ಪ್ಯಾನರ್ ಅಣ್ಣ. ಹಾಗಾದರೆ ನಿಲ್ಲಿಸಲೇಬೇಕು ಅಂತಾದರೆ ಹೇಗೆ ನಿಲ್ಲಿಸುವುದು?

ಹಳೇ ಸ್ಪ್ಯಾನರ್, ಸಂತೆಕಟ್ಟೆ

ತುಕ್ಕು ತಡೆಯುವ ಪ್ರಿಸರ್ವೇಟಿವ್ ಆಯಿಲ್ ಅಂತಲೇ ಬರುತ್ತದೆ. ಅದನ್ನು ತುಂಬಿ ಒಮ್ಮೆ ಬಿಸಿಯಾಗಿ ಓಡಿಸಿ, ಸಿಲಿಂಡರ್ ಒಳಗೂ ಸಿಂಪಡಿಸುತ್ತಾರೆ. ಮೇಲಿನ ಪ್ಲಗ್ ಜಾಗದಲ್ಲಿ ಸಿಲಿಕಾ ಜೆಲ್ ತುಂಬಿದ ಪಾರದರ್ಶಕ ಪ್ಲಗ್ ಹಾಕುತ್ತಾರೆ. ನೀಲಿ ಇದ್ದದ್ದು ಗುಲಾಬಿ ಆದರೆ ತೇವ ಕುಡಿದು ಹೊಟ್ಟೆ ತುಂಬಿದೆ ಅಂತ ಅರ್ಥ, ಬದಲಿಸಬೇಕು. ನಮ್ಮೂರ ಜುಲೈನಲ್ಲಿ ಅದು ಎಷ್ಟು ಬೇಗ ಗುಲಾಬಿ ಆಗುತ್ತದೆ ಅಂದರೆ ನೀವು ನಂಬುವುದಿಲ್ಲ. ಎಕ್ಸಾಸ್ಟ್, ಬ್ರೀದರ್, ಏರ್ ಇನ್‌ಟೇಕ್ ಎಲ್ಲ ಮುಚ್ಚಿ ಕೆಂಪು ಪಟ್ಟಿ ಕಟ್ಟಬೇಕು. ಏನೇನು ಮುಚ್ಚಿದ್ದೀರಿ ಅಂತ ಕಾಗದದಲ್ಲಿ ಬರೆದು ಪ್ರೊಪೆಲ್ಲರ್‌ಗೇ ಕಟ್ಟಬೇಕು. ಯಾಕೆಂದರೆ ತೆರೆಯುವವನು ನೀವೇ ಆಗಿರುವುದಿಲ್ಲ. ಒಳಗೆ ಬಿಟ್ಟ ಒಂದು ಜೆಲ್ ಚೀಲ ಸಾಕು ಎಂಜಿನ್ ಉಸಿರು ಕಟ್ಟಲು.

ಬುಲೆಟ್‌ಗೆ ಇಷ್ಟೆಲ್ಲ ಬೇಡ. ಆಯಿಲ್ ಬದಲಿಸಿ ನಿಲ್ಲಿಸಿ, ಸಾಕು.

ಲ್ಯಾಬ್ ಕೀ, ಮಂಗಳೂರು

ಸರ್, ಸಿಲಿಂಡರ್ ಕಳಚಿದೆವು. ಎಚ್ಒಡಿ ಸರ್ ಅವರೇ ಟಾರ್ಚ್ ಹಿಡಿದರು. ಕ್ಯಾಮ್‌ನ ಎರಡು ಮೂಗಿನ ಮೇಲೆ ಗುಂಡಿ ಬಿದ್ದಿದೆ, ಬೆರಳಲ್ಲಿ ಸವರಿದರೆ ಗರಗರ ಅನ್ನುತ್ತದೆ. ಸರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಇದನ್ನು ಕತ್ತರಿಸಿ ಒಳಗೆ ಕಾಣುವ ಹಾಗೆ ಮಾಡಿ ಫೆಸ್ಟ್‌ನಲ್ಲಿ ಇಡೋಣ ಅಂದರು. ಲಾಗ್ ಬುಕ್ ಸಿಗಲಿಲ್ಲ, ಯಾರ ಬೀರುವಿನಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ.

ಎಲ್ಲಿ ಕತ್ತರಿಸುವುದು ಒಳ್ಳೆಯದು? ಮ್ಯಾಗ್ನೆಟೋ ಏನು ಮಾಡಲಿ? ನಿಮಗೆ ಪುರುಸೊತ್ತಿದ್ದರೆ ಒಮ್ಮೆ ಬರುತ್ತೀರಾ?

ಹಳೇ ಸ್ಪ್ಯಾನರ್, ಸಂತೆಕಟ್ಟೆ

ಒಂದನೇ ಸಿಲಿಂಡರ್ ಉದ್ದಕ್ಕೆ ಕತ್ತರಿಸಿ, ಅದು ಚೆನ್ನಾಗಿದೆ, ಒಳಗಿನ ನುಣುಪು ಕಾಣಲಿ. ನಾಲ್ಕನೆಯದನ್ನು ಹಾಗೇ ಪಕ್ಕದಲ್ಲಿಡಿ, ತುಕ್ಕು ಒರೆಸಬೇಡಿ, ಬಣ್ಣ ಹೊಡೆಯಬೇಡಿ. ಕೇಸ್‌ನ ಮೇಲ್ಭಾಗದಲ್ಲಿ ಕ್ಯಾಮ್ ಕಾಣುವ ಹಾಗೆ ಒಂದು ಕಿಟಕಿ ತೆಗೆದರೆ ಮಕ್ಕಳಿಗೆ ಬಹಳ ಉಪಯೋಗ. ಮ್ಯಾಗ್ನೆಟೋ ಎರಡನ್ನೂ ಬಿಚ್ಚಿ ಬೆಂಚ್ ಮೇಲೆ ಕ್ಲ್ಯಾಂಪ್ ಮಾಡಿ. ಕೈಯಲ್ಲಿ ತಿರುಗಿಸಿ ಕಿಡಿ ತೋರಿಸಬಹುದು, ಲೀಡ್ ಮಾತ್ರ ಯಾರೂ ಹಿಡಿಯಬಾರದು. ರೆಕ್ಕೆಯ ಟ್ಯಾಂಕ್‌ನಲ್ಲಿರುವ ಹಳೇ ಇಂಧನ ಇಳಿಸದೆ ಗ್ರೈಂಡರ್ ಪ್ಲಗ್ ಕೂಡ ಸಿಕ್ಕಿಸಬೇಡಿ. ಎಂಜಿನ್ ಇಳಿಸಿ ಹೊರಗೆ ತಂದು ಕತ್ತರಿಸುವುದೇ ಒಳ್ಳೆಯದು.

ಭಾನುವಾರ ಬೆಳಿಗ್ಗೆ ಬರುತ್ತೇನೆ. ನಿಮ್ಮಲ್ಲಿ ಇಂಚು ಸ್ಪ್ಯಾನರ್ ಸೆಟ್ ಉಂಟಾ ನೋಡಿಡಿ. ಇದು ಅಮೆರಿಕದ ಎಂಜಿನ್, ಮಿಲಿಮೀಟರ್ ಸ್ಪ್ಯಾನರ್ ಹಾಕಿ ನಟ್‌ನ ಮೂಲೆ ಸವೆಸಬೇಡಿ. ಇಲ್ಲದಿದ್ದರೆ ಹೇಳಿ, ನನ್ನದೇ ತರುತ್ತೇನೆ.